ಮುಟ್ಟೋಕೆ ಹೋದ ಹುಳ

ಹುಳ ಕಂಡರೆ ಕೈ ತಾನಾಗೇ ಮುಂದೆ ಹೋಗೋದು ನನಗೆ ಚಿಕ್ಕಂದಿನ ಅಭ್ಯಾಸ. ಕನಕಪುರದ ಹತ್ತಿರ ನಮ್ಮದು ರೇಷ್ಮೆ ಸಾಕುವ ಮನೆ. ಹಣ್ಣಾದ ಹುಳಗಳನ್ನು ಅಮ್ಮನ ಜೊತೆ ಕೂತು ಆರಿಸಿ ಚಂದ್ರಿಕೆಗೆ ಬಿಟ್ಟೇ ನಾನು ಸ್ಕೂಲಿಗೆ ಹೋಗ್ತಿದ್ದದ್ದು. ಅಂಗೈ ಮೇಲೆ ಅವುಗಳ ತಣ್ಣನೆಯ ಮೈ ಈಗಲೂ ನೆನಪಿದೆ.

ಆ ಅಭ್ಯಾಸ ಒಂದು ಸಲ ನನ್ನ ಜೀವಕ್ಕೇ ಬರುತ್ತಿತ್ತು.

ಪ್ರಾಜೆಕ್ಟ್ ಕೆಲಸಕ್ಕೆ ಮೂರು ತಿಂಗಳು ದಕ್ಷಿಣ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಗೆ ಹೋಗಿದ್ದೆ. ಜನವರಿ, ಅಲ್ಲಿ ಬೇಸಿಗೆ. ಒಂದು ಭಾನುವಾರ ಟೀಮಿನ ಗೆಳೆಯ ತನ್ನಪ್ಪನ ತೋಟಕ್ಕೆ ಕರೆದ. ಪೀಚ್ ಮರದ ಕಾಂಡದ ಮೇಲೆ ತೊಗಟೆಯದೇ ಬಣ್ಣದ ಹುಳಗಳು, ನೂರಾರು, ಒಂದಕ್ಕೊಂದು ಅಂಟಿಕೊಂಡು ಮಲಗಿದ್ದವು. ಮೈತುಂಬ ಪುಟ್ಟ ಪುಟ್ಟ ಕವಲೊಡೆದ ಮುಳ್ಳು. ನಾನು ಕೈ ಚಾಚಿದೆ. ಗೆಳೆಯನ ಅಪ್ಪ ಓಡಿ ಬಂದು ನನ್ನ ಮುಂಗೈ ಹಿಡಿದು ಹಿಂದಕ್ಕೆ ಎಳೆದರು. "ತಾತುರಾನಾ!" ಅಂದರು. ಬೆಂಕಿಯಂಥದ್ದು ಅಂತ ಅರ್ಥವಂತೆ, ತುಪಿ ಭಾಷೆಯಲ್ಲಿ.

ಅದು ಲೊನೋಮಿಯಾ ಒಬ್ಲಿಕ್ವಾ. ಟಸಾರ್, ಈರಿ, ಮೂಗಾ ರೇಷ್ಮೆ ಪತಂಗಗಳದೇ ಕುಟುಂಬ. ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತೆ, ಹಗಲು ಕಾಂಡದ ಮೇಲೆ ಗುಂಪಾಗಿ ಮಲಗುತ್ತೆ. ಒರಗಿದವರ, ಹಣ್ಣು ಕೀಳೋರ ಕೈ ಬೀಳೋದು ಆಗಲೇ. ಮುಳ್ಳು ಮುರಿದರೆ ವಿಷ ಒಳಗೆ. ಮೊದಲು ಉರಿ, ತಲೆನೋವು ಅಷ್ಟೇ. ವಿಷವು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಸುಮ್ಮನೆ ಖರ್ಚು ಮಾಡಿಸಿಬಿಡುತ್ತೆ. ಗಂಟೆಗಳಾದ ಮೇಲೆ ವಸಡಿನಲ್ಲಿ, ಮೂತ್ರದಲ್ಲಿ, ಆರಿದ ಹಳೇ ಗಾಯದಲ್ಲೂ ರಕ್ತ. ಕಿಡ್ನಿ ಕೈಕೊಟ್ಟು, ಮಿದುಳಲ್ಲಿ ರಕ್ತಸ್ರಾವವಾಗಿ ಸತ್ತವರಿದ್ದಾರೆ. ಬರೀ ಉರಿ ತಾನೇ ಅಂತ ಕಾಯೋದೇ ಅಪಾಯ.

1980ರ ದಶಕದ ಕೊನೆಯಲ್ಲಿ ಆ ರಾಜ್ಯದಲ್ಲಿ ಇಂಥ ಪ್ರಕರಣ ಹೆಚ್ಚಾದವು. ಕಾಡುಮರ ಕಡಿದಿದ್ದಕ್ಕೆ ಹುಳ ತೋಟಕ್ಕೆ ಬಂತು ಅನ್ನೋರಿದ್ದಾರೆ. ಈಗ ಸಾವೊ ಪಾವ್ಲೊದ ಬುಟಾಂಟಾನ್ ಸಂಸ್ಥೆ ಇದಕ್ಕೆ ಪ್ರತಿವಿಷ ಮಾಡುತ್ತೆ. ಹುಳದ ಮುಳ್ಳಿನ ಸಾರವನ್ನು ಕುದುರೆಗೆ ಕೊಟ್ಟು, ಅದರ ರಕ್ತದಿಂದ. ಅದಕ್ಕೆ ಜೀವಂತ ಹುಳಗಳೇ ಬೇಕು. ಹಾಗಾಗಿ ಗೆಳೆಯನ ಅಪ್ಪ ಅವನ್ನು ಸುಡಲಿಲ್ಲ, ಆರೋಗ್ಯ ಇಲಾಖೆಗೆ ಫೋನ್ ಮಾಡಿದರು.

ಮುಳ್ಳಿರೋದು ಹುಳಕ್ಕೆ ಮಾತ್ರ. ಬುಡದ ತರಗೆಲೆಯಲ್ಲಿ ಪ್ಯೂಪಾ ಆಗಿ, ಒಣಗಿದ ಎಲೆಯಂಥ ಪತಂಗವಾಗಿ ಏಳುತ್ತೆ. ಅದು ಏನೂ ತಿನ್ನಲ್ಲ. ಜೋಡಿ ಹುಡುಕಿ, ಮೊಟ್ಟೆಯಿಟ್ಟು, ಕೆಲವೇ ದಿನದಲ್ಲಿ ಸಾಯುತ್ತೆ. ನಮ್ಮನೆ ಚಿಟ್ಟೆಯ ಹಾಗೇ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಎಲ್ಲ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು ಕೇಳಿದಳು, "ಗೂಡು ಕಟ್ಟಲ್ವಾ ಅದು?"

"ಇಲ್ಲಮ್ಮ."

"ಪಾಪ, ಗೂಡಿಲ್ಲದ್ದಕ್ಕೆ ಮುಳ್ಳು ಕೊಟ್ಟವ್ನೆ ದೇವ್ರು. ಕೈ ತೋರ್ಸು ಇಲ್ಲಿ."

ಎರಡೂ ಅಂಗೈ ಕ್ಯಾಮೆರಾ ಮುಂದೆ ಹಿಡಿದೆ.