ಬೇಲು, ಗ್ಯಾರಂಟಿ, ಫಾರ್ಮರು

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಮಕ್ಕಳು ಸ್ಕೂಲಿಗೆ ಸೇರೋಕೆ ಮುಂಚೇನೇ ನಾಲ್ಕು ಇಂಗ್ಲಿಷ್ ಪದ ಕಲ್ತಿರ್ತವೆ. ಬ್ಯಾರನ್, ಗ್ರೇಡು, ಬೇಲು, ಲೈಸೆನ್ಸು. ಹೊಗೆಸೊಪ್ಪು ಬೆಳೆಯೋ ಮನೆ ಮಕ್ಕಳಲ್ವಾ. ಸೊಪ್ಪು ಬೇಯಿಸೋ ಮನೆ ಬ್ಯಾರನ್ನು, ಗ್ರೇಡ್ ಮಾಡಿ ಒತ್ತಿ ಕಟ್ಟಿದ್ದು ಬೇಲು. ಕಣ್ಣಲ್ಲಿ ನೋಡಿ ಕಲ್ತ ಪದ, ಯಾರೂ ಅರ್ಥ ಹೇಳಿಕೊಡಬೇಕಾಗಿಲ್ಲ. ಎಚ್.ಡಿ. ಕೋಟೆ ಕಡೆ ಹತ್ತಿ ಬೆಳೆಯೋರಿಗೂ ಬೇಲು ಅಂದ್ರೆ ಗೊತ್ತು.

ಆದ್ರೆ ಇದೇ ಪದ ಬೆಂಗಳೂರಿಗೆ ಹೋದ್ರೆ ಏನಾಯ್ತದೆ ನೋಡಿ. ನಮ್ಮ ಮೈದುನ ಒಂದು ವರ್ಷ ಕಟ್ಟೆಮಳಲವಾಡಿ ಹರಾಜು ಮಾರ್ಕೆಟ್ಟಿನಿಂದ ಅವನತ್ತೆಗೆ ಫೋನ್ ಮಾಡವ್ನೆ. "ಇವತ್ತು ಬರಕ್ಕಾಗಲ್ಲ ಅತ್ತೆ, ಬೇಲ್ ರಿಜೆಕ್ಟ್ ಆಗೋಯ್ತು, ಇನ್ನೊಂದ್ ಸಲ ನೋಡ್ಬೇಕು" ಅಂದು ಇಟ್ಟುಬಿಟ್ಟ. ಅವರು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದೋರು, ಸೊಪ್ಪಿನ ವ್ಯವಹಾರ ಏನು ಗೊತ್ತು? ತಕ್ಷಣ ಮಗಳಿಗೆ ಫೋನ್ ಮಾಡಿ ಅಳು. "ಯಾವ ಕೇಸಮ್ಮ? ಲಾಯರು ಯಾರು?" ಅಂತ. ನಮ್ಮ ವಾರಗಿತ್ತಿಗೆ ನಗು ತಡೆಯಕ್ಕಾಗ್ದೆ ಮಾತೇ ಹೊರಡ್ಲಿಲ್ಲ. ಮಗಳೂ ಅಳ್ತಾವ್ಳೆ ಅನ್ಕಂಡು ಆಯಮ್ಮ ಇನ್ನೂ ಜೋರಾಗಿ ಅತ್ತರು.

ಇಂಗ್ಲಿಷಿನಲ್ಲಿ ಈ ಎರಡು ಬೇಲಿಗೂ ಅಕ್ಷರ ಬೇರೆ, ಬಾಯಲ್ಲಿ ಒಂದೇ. ಕೋರ್ಟಿನ ಬೇಲಿಗೆ ನಾವು ಜಾಮೀನು ಅಂತೀವಿ. ಆ ಜಾಮೀನು ಅನ್ನೋ ನಮ್ಮ ಮಾತಿಗೂ ಎರಡು ಮುಖ ಅದೆ. ಜೈಲಿಂದ ಬಿಡಿಸ್ಕಂಡು ಬರೋದೂ ಜಾಮೀನೇ, ಇನ್ನೊಬ್ಬರ ಸಾಲಕ್ಕೆ ನಿಂತ್ಕಳ್ಳೋದೂ ಜಾಮೀನೇ. ಈ ಎರಡನೇದಕ್ಕೆ ಬ್ಯಾಂಕಿನೋರು ಇಡೋ ಹೆಸರು ಗ್ಯಾರಂಟಿ. ಅಲ್ಲಿಂದ ಮುಂದಕ್ಕೆ ನಗೋ ಕತೆ ಅಲ್ಲ ಕಣ್ರವ್ವ.

ಮೊದಲು ಗ್ಯಾರಂಟಿ ಅಂದ್ರೆ ಮಿಕ್ಸಿದು, ಕುಕ್ಕರಿದು. ಅಂಗಡಿಯವನು ಒಂದ್ಸಲ ಗ್ಯಾರಂಟಿ ಅಂತಾನೆ, ಒಂದ್ಸಲ ವಾರಂಟಿ ಅಂತಾನೆ. ಅಂಗಡಿ ಮಾತಲ್ಲಿ ಗ್ಯಾರಂಟಿ ಅಂದ್ರೆ ಕೆಟ್ಟರೆ ಬೇರೆ ಕೊಡ್ತೀನಿ ಅಂತ, ವಾರಂಟಿ ಅಂದ್ರೆ ರಿಪೇರಿ ಮಾಡಿಕೊಡ್ತೀನಿ ಅಂತ. ಬಾಯಲ್ಲಿ ಏನೇ ಹೇಳಲಿ, ಕಾರ್ಡಿನಲ್ಲಿ ಬರೆದಿರೋದೇ ಲೆಕ್ಕ. (ಪೊಲೀಸರು ತರೋ ವಾರಂಟು ಬೇರೆ, ಅದು ನಮಗ್ಯಾಕೆ.) ಆಮೇಲೆ 2023ರಲ್ಲಿ ಸರ್ಕಾರದ ಐದು ಗ್ಯಾರಂಟಿ ಬಂತು. ಆಗಸ್ಟ್ 30ಕ್ಕೆ ಮೈಸೂರಿನಲ್ಲೇ ಗೃಹಲಕ್ಷ್ಮಿ ಶುರು ಮಾಡಿದ್ರು. ತಿಂಗಳಿಗೆ 2000 ರೂಪಾಯಿ. ಅಲ್ಲಿಂದ ನಮ್ಮ ಹೆಂಗಸರಿಗೆ ಗ್ಯಾರಂಟಿ ಅಂದ್ರೆ ಕೈಗೆ ಬರೋ ದುಡ್ಡು ಅಂತಲೇ ಆಗೋಯ್ತು. "ಗ್ಯಾರಂಟಿ ಬಂತಾ ಅಕ್ಕ?" ಅಂತ ತಾನೇ ನಾವು ಮಾತಾಡ್ಕಳ್ಳೋದು?

ನಮ್ಮ ದೊಡ್ಡವ್ವನ ಸೊಸೆಗೆ ಎರಡು ತಿಂಗಳು ಆ ದುಡ್ಡು ಬಂದಿರ್ಲಿಲ್ಲ. ಅದೇ ಹೊತ್ತಿಗೆ ಪರಿಚಯದವರೊಬ್ಬರು ಕಾಗದ ಹಿಡ್ಕಂಡು ಬಂದು, "ಅಕ್ಕ, ಗ್ಯಾರಂಟಿಗೆ ಒಂದು ಸೈನ್ ಹಾಕ್ಬೇಕು, ಆಧಾರ್ ಜೆರಾಕ್ಸ್ ಕೊಡಿ" ಅಂದ್ರು. ಇವಳು ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ಳು. ಸೆರಗಲ್ಲಿ ಕೈ ಒರೆಸ್ಕಂಡು ಬಂದು ಮೂರು ಕಡೆ ಸೈನ್ ಹಾಕಿ ಕಳಿಸಿದ್ಳು, ನಿಂತಿದ್ದ 2000 ಬತ್ತದೆ ಅಂತ. ಆ ಕಾಗದ ಅವರ ಹಸು ಸಾಲದ್ದು. ಒಂದೂವರೆ ವರ್ಷ ಆದ್ಮೇಲೆ ಇವಳ ಹೆಸರಿಗೆ ನೋಟೀಸು, ಬಡ್ಡಿ ಸೇರಿ 1,60,000.

"ನಾನು ಸಾಲ ತಗಂಡಿಲ್ಲ, ಬೇಕಾದ್ರೆ ಸಾಕ್ಷಿ ಅಂತ ಬರ್ಕಳ್ಳಿ" ಅಂದ್ಳು. ಆದ್ರೆ ಸೈನ್ ಕೆಳಗೆ ಅಚ್ಚಾಗಿದ್ದ ಪದ ವಿಟ್ನೆಸ್ ಅಲ್ಲ, ಗ್ಯಾರಂಟರ್. ಸಾಕ್ಷಿ ಹಾಕಿದೋರು "ಇವರು ನನ್ನ ಮುಂದೆ ಸೈನ್ ಮಾಡಿದ್ರು" ಅಂತ ಹೇಳಿದಂಗೆ, ಅಷ್ಟೇ. ಗ್ಯಾರಂಟರ್ ಅಂದ್ರೆ "ಅವರು ಕಟ್ಟದಿದ್ರೆ ನಾನು ಕಟ್ತೀನಿ" ಅಂತ. ಹುಣಸೂರಿನ ವಕೀಲರು ಬಿಡಿಸಿ ಹೇಳಿದ್ರು. 1872ರ ಕರಾರು ಕಾಯ್ದೆಯ 128ನೇ ಕಲಮು, ಸಾಲ ತಗಂಡವರಿಗೆ ಎಷ್ಟು ಹೊಣೆಯೋ ಜಾಮೀನು ನಿಂತವರಿಗೂ ಅಷ್ಟೇ ಹೊಣೆ. ಬ್ಯಾಂಕಿನೋರು ಮೊದಲು ಅವರ ಹತ್ರ ಎಲ್ಲಾ ವಸೂಲಿ ಮಾಡಿ ಆಮೇಲೆ ಇವಳ ಹತ್ರ ಬರ್ಬೇಕು ಅಂತಲೂ ಇಲ್ಲ. ತವರಿನ ಓಲೆ ಮಾರಿ ಅರ್ಧ ಕಟ್ಟವ್ಳೆ, ಮಿಕ್ಕಿದ್ದು ಕಂತು. ಅವಳಿಗೆ ಬುದ್ಧಿ ಇಲ್ಲ ಅಂತ ಅವರ ಮನೇಲಿ ಬೈತಾರೆ. ನಂಗೆ ಹಂಗನ್ನಿಸಲ್ಲ. ಮೂರು ಬೇರೆ ಬೇರೆ ಸಾಮಾನಿಗೆ ಒಂದೇ ಹೆಸರಿಟ್ಟು, ಕೊನೇದನ್ನ ಗೊತ್ತಿಲ್ಲದ ಭಾಷೇಲಿ ಸಣ್ಣ ಅಕ್ಷರದಲ್ಲಿ ಬರೆದರೆ ಯಾರಿಗೆ ತಿಳೀತದೆ?

ಇನ್ನೊಂದು ಪದ ಅದೆ, ಅದಂತೂ ನಮ್ಮ ರೈತರ ಮನೆಗೇ ಅಂತ ಮಾಡಿದಂಗಿದೆ. ಹೋದ ಸಲ ಸೊಪ್ಪಿನ ದುಡ್ಡು ಬಂದಾಗ ವಾರಗಿತ್ತಿ ಗಂಡನ ಜೊತೆ ಜಂಟಿ ಖಾತೆ ತೆರೆಯೋಕೆ ಹೋದ್ಳು, ಜೊತೇಲಿ ನಾನೂ ಹೋಗಿದ್ದೆ. ಫಾರಂನಲ್ಲಿ ಮೂರು ಚೌಕ. ಒಂದನ್ನ ಕೂಡಿಸಿ ಕೂಡಿಸಿ ಓದಿ, "ಅಕ್ಕ, ನೋಡು, ಫಾರ್ಮರ್ ಅಂತಲೇ ಅದೆ. ನಮ್ಮೆಜಮಾನ್ರು ಫಾರ್ಮರೇ ತಾನೇ?" ಅಂತ ಟಿಕ್ ಹಾಕಕ್ಕೆ ಹೋದ್ಳು. ನಾನು ಪೆನ್ನು ಹಿಡ್ಕಂಡೆ. ಪಿಯುಸಿ ಇಂಗ್ಲಿಷಿನಲ್ಲಿ ಫಾರ್ಮರ್, ಲ್ಯಾಟರ್ ಅಂತ ಬಾಯಿಪಾಠ ಮಾಡಿದ್ದು ನೆಪ್ಪಿತ್ತು. ರೈತನಿಗೆ ಬರೆಯೋವಾಗ ಎಫ್ ಆದ್ಮೇಲೆ ಎ, ಇದಕ್ಕೆ ಎಫ್ ಆದ್ಮೇಲೆ ಓ. ಒಂದು ಅಕ್ಷರ, ಅಷ್ಟೇ. ಇದರ ಅರ್ಥ ಇಬ್ಬರಲ್ಲಿ ಮೊದಲನೆಯವರು ಅಂತ.

ಕೌಂಟರಿನ ಹುಡುಗಿ ಒಳ್ಳೆಯವಳು, ಸಮಾಧಾನವಾಗಿ ಹೇಳಿದ್ಳು. "ಫಾರ್ಮರ್ ಆರ್ ಸರ್ವೈವರ್" ಅಂತ ಹಾಕಿದ್ರೆ ಮೊದಲ ಹೆಸರಿನವರು ಬದುಕಿರೋ ತನಕ ಅವರೊಬ್ಬರೇ ದುಡ್ಡು ತೆಗೀಬೋದು, ಎರಡನೆಯವರಿಗೆ ಹಕ್ಕು ಬರೋದು ಅವರು ಹೋದ್ಮೇಲೆ. "ಐದರ್ ಆರ್ ಸರ್ವೈವರ್" ಅಂದ್ರೆ ಇಬ್ಬರಲ್ಲಿ ಯಾರು ಬೇಕಾದ್ರೂ ತೆಗೀಬೋದು, ಒಬ್ಬರು ಹೋದ್ರೆ ಉಳಿದವರು. "ಜಾಯಿಂಟ್ಲಿ" ಅಂದ್ರೆ ಪ್ರತಿ ಸಲ ಇಬ್ಬರ ಸೈನೂ ಬೇಕು.

ಇದರಲ್ಲಿ ಏನು ಹೋಯ್ತದೆ ಅನ್ನಬ್ಯಾಡಿ. ಕೆ.ಆರ್. ನಗರದಲ್ಲಿ ನಮ್ಮ ನಾದಿನಿ ಕಡೆ ಸಂಬಂಧಿಕರೊಬ್ಬರ ಯಜಮಾನ್ರಿಗೆ ಲಕ್ವ ಹೊಡೆದು ಮೈಸೂರು ಆಸ್ಪತ್ರೆಗೆ ಸೇರಿಸಿದ್ರು. ಬಲಗೈ ಆಡ್ತಿರ್ಲಿಲ್ಲ. ಪಾಸ್‌ಬುಕ್ಕಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಅದೆ, ಭತ್ತದ ದುಡ್ಡೂ ಅದೆ. ಆಯಮ್ಮ ಹೋದ್ರೆ ದುಡ್ಡು ಕೊಡಲ್ಲ ಅಂದ್ರು, ಖಾತೆ ಫಾರ್ಮರ್ ಆರ್ ಸರ್ವೈವರ್ರು. ಯಾರೂ ಅನ್ಯಾಯ ಮಾಡಿದ್ದಲ್ಲ, ಬರ್ದಿರೋದೇ ಹಂಗೆ. ಆಯಮ್ಮ ಮಾಂಗಲ್ಯದ ಸರ ಅಡ ಇಟ್ಟು ಆಸ್ಪತ್ರೆಗೆ ಕಟ್ಟಿದ್ರು. ಮೂರನೇ ದಿನ ಯಾರೋ ತಿಳಿದೋರು ಹೇಳಿದ್ಮೇಲೆ ಬ್ಯಾಂಕಿನ ಅಧಿಕಾರಿ ಆಸ್ಪತ್ರೆಗೇ ಬಂದು ಹೆಬ್ಬೆಟ್ಟು ಒತ್ತಿಸ್ಕಂಡ್ರು. ಕಾಯಿಲೆ ಬಿದ್ದು ಸೈನ್ ಮಾಡಕ್ಕಾಗದೋರ ಹೆಬ್ಬೆಟ್ಟಿಗೆ ಇಬ್ಬರು ಸಾಕ್ಷಿ, ಅದರಲ್ಲಿ ಒಬ್ಬರು ಬ್ಯಾಂಕಿನವರು, ಹಂಗೆ ದುಡ್ಡು ತೆಗೆಯೋಕೆ ರಿಸರ್ವ್ ಬ್ಯಾಂಕಿನ ನಿಯಮವೇ ಅದೆ. ಮೊದಲ ದಿನವೇ ಗೊತ್ತಿದ್ದಿದ್ರೆ ಸರ ಹೋಗ್ತಿರ್ಲಿಲ್ಲ.

ಮೊಬೈಲಿಗೆ ಬರೋ ಮೆಸೇಜಿನಲ್ಲಿ ಕ್ರೆಡಿಟ್ ಅಂದ್ರೆ ದುಡ್ಡು ಬಂತು, ಡೆಬಿಟ್ ಅಂದ್ರೆ ಹೋಯ್ತು, ಇದು ಈಗ ಎಲ್ಲರಿಗೂ ಗೊತ್ತು. ಆದ್ರೆ ಕ್ರೆಡಿಟ್ ಕಾರ್ಡಿನಲ್ಲಿ ಇರೋದು ನಮ್ಮ ದುಡ್ಡಲ್ಲ, ಸಾಲ. ನಮ್ಮ ಖಾತೆ ದುಡ್ಡು ಖರ್ಚಾಗೋದು ಡೆಬಿಟ್ ಕಾರ್ಡಿನಲ್ಲಿ. ಫೋನ್ ಪೇ, ಗೂಗಲ್ ಪೇನಲ್ಲಿ ದುಡ್ಡು ಬರೋಕೆ ಪಿನ್ ಒತ್ತೋ ಹಂಗೇ ಇಲ್ಲ. ಯಾರಾದ್ರೂ "ರಿಸೀವ್ ಮಾಡ್ಕಳ್ಳಿ, ಪಿನ್ ಹಾಕಿ" ಅಂದ್ರೆ ಫೋನ್ ಮಡಗಿಬಿಡಿ. ಹೋಗೇಬಿಟ್ಟಿದ್ರೆ ತಡ ಮಾಡ್ದೆ 1930ಕ್ಕೆ ಫೋನ್ ಮಾಡಿ.

ನಾಮಿನಿ ಬಗ್ಗೆನೂ ನಮ್ಮೋರಲ್ಲಿ ಜಗಳ ಅದೆ. ಬ್ಯಾಂಕ್ ಖಾತೆಗೆ ನಾಮಿನಿ ಅಂದ್ರೆ ಬ್ಯಾಂಕಿನೋರು ದುಡ್ಡು ಯಾರ ಕೈಗೆ ಕೊಡ್ಬೇಕು ಅನ್ನೋದಕ್ಕೆ ಒಂದು ಹೆಸರು. ವಾರಸುದಾರರು ಬೇರೆ ಇದ್ರೆ ಅವರ ಪಾಲು ಅವರಿಗೇ. ದೊಡ್ಡ ಮಗನ ಹೆಸರು ಹಾಕಿದ ತಕ್ಷಣ ಹೆಣ್ಣುಮಕ್ಕಳ ಪಾಲು ಅಳಿಸಿಹೋಗಲ್ಲ.

ವಾರಗಿತ್ತಿ ಐದರ್ ಚೌಕಕ್ಕೇ ಟಿಕ್ ಹಾಕಿದ್ಳು. ಆಮೇಲೆ ಆ ಹುಡುಗಿ ಕನ್ನಡದ ಫಾರಂ ಹುಡುಕಿ ಕೊಟ್ಟಳು, ಬೀರುವಿನಲ್ಲೇ ಇತ್ತು. ಇಂಗ್ಲಿಷು, ಹಿಂದಿ ಜೊತೆ ಆ ರಾಜ್ಯದ ಭಾಷೇಲೂ ಫಾರಂ ಇಡ್ಬೇಕು ಅಂತ ರಿಸರ್ವ್ ಬ್ಯಾಂಕು ಹೇಳ್ತದೆ. ಆದ್ರೆ ನಾವೇ ಕೇಳ್ಬೇಕು. ಈಗ ಎದ್ದು ಹೋಗಿ ನಿಮ್ಮ ಜಂಟಿ ಪಾಸ್‌ಬುಕ್ಕಿನ ಮೊದಲ ಪುಟ ನೋಡಿ. "ಇ ಆರ್ ಎಸ್" ಅಂತಲೋ "ಎಫ್ ಆರ್ ಎಸ್" ಅಂತಲೋ ಸಣ್ಣದಾಗಿ ಇರ್ತದೆ. ಎಫ್ ಇದ್ರೆ ಇಬ್ಬರೂ ಒಟ್ಟಿಗೆ ಹೋಗಿ ಅರ್ಜಿ ಕೊಟ್ಟು ಬದಲಾಯಿಸ್ಕಳ್ಳಬೋದು. ಸೋಮವಾರ ಬ್ಯಾಂಕಿನಲ್ಲಿ ಜನ ಜಾಸ್ತಿ, ಬುಧವಾರ ಹೋಗಿ.