ಕೋವಿ ಆಯ್ಕೆ: ಪಂಪ್ ಆಕ್ಷನ್ನೋ, ಜೋಡು ನಳಿಗೆಯೋ?

ಮೊನ್ನೆ ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಾಲಲ್ಲಿ ನಿಂತಿದ್ದಾಗ ಮೂರು ಜನ ಒಂದೇ ಪ್ರಶ್ನೆ ಕೇಳಿದ್ರು. "ಮಗ ಪಂಪ್ ಆಕ್ಷನ್ ತಂದಿದ್ದಾನಂತೆ, ಹೇಗಿದೆ? ನಾವೂ ಅದನ್ನೇ ತಗೊಳ್ಳೋದಾ?" ಸಾಲಲ್ಲಿ ನಿಂತು ಎರಡು ಮಾತಲ್ಲಿ ಹೇಳೋ ವಿಷಯ ಅಲ್ಲ ಅದು. ಹಾಗಾಗಿ ಇಲ್ಲಿ ಉದ್ದಕ್ಕೆ ಬರೀತಿದ್ದೀನಿ. ನನಗೆ ಮರ್ಯಾದೆ ತರುವಂಥದ್ದಲ್ಲದ ಒಂದು ಸಂಗತಿಯೂ ಇದರಲ್ಲಿದೆ. ಅದನ್ನು ಬಿಟ್ಟು ಬರೆದರೆ ನಿಮಗೆ ಉಪಯೋಗ ಇಲ್ಲ.

ನಮ್ಮ ಮನೆಯಲ್ಲಿದ್ದದ್ದು ಒಂಟಿ ನಳಿಗೆಯ 12 ಬೋರ್. ಬೆಳೆ ರಕ್ಷಣೆ ಲೈಸೆನ್ಸ್ ನನ್ನ ಹೆಸರಿಗೆ ಬಂದು ಮೂವತ್ತೊಂದು ವರ್ಷ ಆಗಿತ್ತು. ನಳಿಗೆಯ ಕೀಲು ಸಡಿಲವಾಗಿ, ಈಡು ಹೊಡೆದಾಗ ಬುಡದಲ್ಲಿ ಹೊಗೆ ಕಾಣೋಕೆ ಶುರುವಾಯ್ತು. ಅಂಥ ಕೋವಿಯನ್ನು ಮುಖದ ಹತ್ತಿರ ಹಿಡಿಯಬಾರದು. ನನಗೂ ರಾತ್ರಿ ಗದ್ದೆ ಕಾಯೋ ಶಕ್ತಿ ಕಡಿಮೆಯಾಗಿದೆ. ಲೈಸೆನ್ಸನ್ನೇ ಮಗನಿಗೆ ಮಾಡಿಸಿಬಿಡೋಣ ಅಂತ ತೀರ್ಮಾನ ಮಾಡಿದ್ವಿ. ಬಹಳ ಜನರಿಗೆ ಗೊತ್ತಿಲ್ಲ, ಲೈಸೆನ್ಸುದಾರ ಸತ್ತ ಮೇಲೇ ವಾರಸುದಾರನಿಗೆ ಹೋಗಬೇಕು ಅಂತೇನಿಲ್ಲ. 2016ರ ಆಯುಧ ನಿಯಮದ ಪ್ರಕಾರ 70 ವರ್ಷ ತುಂಬಿದ್ದರೆ ಅಥವಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ ಬದುಕಿದ್ದಾಗಲೇ ವಾರಸುದಾರನ ಹೆಸರಿಗೆ ಅರ್ಜಿ ಹಾಕಬಹುದು. ಮಗಳಿಂದ ಅಭ್ಯಂತರ ಇಲ್ಲ ಅಂತ ಬರೆಸಿಕೊಂಡ್ವಿ. ಮಗ ತರಬೇತಿ ಮುಗಿಸಿ ಸರ್ಟಿಫಿಕೇಟ್ ತಂದ. ಓಡಾಟ ಇದೆ, ಆದರೆ ಆಗುವ ಕೆಲಸ.

ಕಾಗದ ಓಡಾಡ್ತಿರುವಾಗಲೇ ಅಪ್ಪ ಮಗನ ವಾದ ಶುರುವಾಯ್ತು. ಹಳೆಯದನ್ನು ಡೀಲರಿಗೆ ಕೊಟ್ಟು ಯಾವುದು ತರೋದು? ನಾನು ಜೋಡು ನಳಿಗೆ ಅಂದೆ, ಅವನು ಪಂಪ್ ಅಂದ.

ಮುಂದೆ ಹೋಗೋ ಮೊದಲು ಒಂದು ಮಾತು. ನಾನು ಬೇಟೆ ಕೋವಿಯ ಬಗ್ಗೆ ಬರೀತಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಈಗ ನಮ್ಮಲ್ಲಿ ಬೇಟೆ ಇಲ್ಲ. ಗದ್ದೆಗೆ ಬಂದ ಹಂದಿಯಾದರೂ ಅನುಮತಿ ಇಲ್ಲದೆ ಹೊಡೆದರೆ ಕೇಸು. ನವಿಲಂತೂ ಮೊದಲನೇ ಪಟ್ಟಿಯಲ್ಲಿದೆ. ಬೆಳೆ ರಕ್ಷಣೆ ಲೈಸೆನ್ಸ್ ಇದೆ ಅಂದ್ರೆ ಕೊಲ್ಲೋಕೆ ಪರವಾನಗಿ ಇದೆ ಅಂತ ಅರ್ಥ ಅಲ್ಲ. ನಮಗೆ ಕೋವಿಯ ಕೆಲಸ ತೊಂಬತ್ತು ಪಾಲು ಸದ್ದು ಮಾಡೋದು. ಉಳಿದದ್ದು ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುರಿ ಇಡೋದು. ಮಗನಿಗೆ ಮಾತ್ರ ರೈಫಲ್ ಕ್ಲಬ್ಬಿಗೆ ಹೋಗಿ ಗುರಿ ಕಲಿಯೋ ಆಸೆ ಇತ್ತು. ಎಲ್ಲದಕ್ಕೂ ಒದಗುವ ಒಂದೇ ಕೋವಿ ಬೇಕು ಅನ್ನೋದು ಅವನ ಲೆಕ್ಕ.

ಅವನ ವಾದದಲ್ಲಿ ಹುರುಳಿತ್ತು. ಕೊಯ್ಲಿಗೆ ಹದಿನೈದು ದಿನ ಇರುವಾಗ ಹಂದಿ ಹಿಂಡು ಗದ್ದೆಗೆ ಇಳಿದರೆ ಒಂದು ಈಡಿಗೆ ಬೇಲಿ ತನಕ ಓಡಿ ನಿಲ್ತವೆ. ಒಂಟಿ ನಳಿಗೆಯಲ್ಲಿ ಮಾಳದ ಮೇಲೆ ಕತ್ತಲಲ್ಲಿ, ಒದ್ದೆ ಕೈಯಲ್ಲಿ ಇನ್ನೊಂದು ತೋಟಾ ಹುಡುಕಿ ತುಂಬುವಷ್ಟರಲ್ಲಿ ತಿರುಗಿ ಬಂದಿರ್ತವೆ. ಪಂಪಿನಲ್ಲಿ ನಳಿಗೆ ಕೆಳಗೆ ಇನ್ನೊಂದು ಕೊಳವೆ ಇರುತ್ತೆ. ತೋಟಾಗಳು ಅದರೊಳಗೆ ಸಾಲಾಗಿ ಕೂತಿರ್ತವೆ, ಸಾಮಾನ್ಯವಾಗಿ ನಾಲ್ಕು. ಎಡಗೈಯ ಹಿಡಿಯನ್ನು ಹಿಂದಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರಿ ಕುದುರೆ ಏರುತ್ತೆ. ಮುಂದಕ್ಕೆ ತಳ್ಳಿದರೆ ಹೊಸದು ನಳಿಗೆಗೆ ಸೇರುತ್ತೆ. ಕೋವಿಯನ್ನು ಭುಜದಿಂದ ಇಳಿಸೋದೇ ಬೇಡ.

ಅಮೆರಿಕದಲ್ಲಿ ರೈತರ ಮನೆಯಲ್ಲಿ ಇದೇ ಹೆಚ್ಚು ಕಾಣೋದಕ್ಕೆ ಕಾರಣವೂ ಇದೆ. ರೆಮಿಂಗ್ಟನ್ 870 ಬಂದದ್ದು 1950ರಲ್ಲಿ, ಒಂದು ಕೋಟಿಗೂ ಹೆಚ್ಚು ಮಾರಾಟವಾಗಿದೆ. ಮಾಸ್‌ಬರ್ಗ್ 500 ಅದರ ಎದುರಾಳಿ. ಅದರ ಸೇಫ್ಟಿ ಕೋವಿಯ ಬೆನ್ನ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗಿದೆ, ಎಡಚರಿಗೆ ಅನುಕೂಲ. ಅವರಿಗೆ ಬಾತುಕೋಳಿಗೂ ಜಿಂಕೆಗೂ ಗುರಿ ಆಟಕ್ಕೂ ಅದೊಂದೇ ಕೋವಿ ಸಾಕು, ನಳಿಗೆ ಬದಲಿಸಬಹುದು, ಚೋಕ್ ಬದಲಿಸಬಹುದು. ನಮ್ಮಲ್ಲಿ ಹೊರದೇಶದ ಕೋವಿ ಹಾಗೆಲ್ಲ ತರಿಸೋಕೆ ಆಗೋದಿಲ್ಲ. ಹಳೆಯದೊಂದಕ್ಕೆ ಕೇಳಿದ ಬೆಲೆಗೆ ಪವರ್ ಟಿಲ್ಲರ್ ಬರ್ತಿತ್ತು. ಇಲ್ಲಿಯದೇ ತಯಾರಿ ನೋಡೋದು ಅಂತಾಯ್ತು.

ನನ್ನ ವಾದ ಜೋಡು ನಳಿಗೆ ಪರ. ಅದರ ಎರಡು ನಳಿಗೆಗೆ ಸಾಮಾನ್ಯವಾಗಿ ಎರಡು ಚೋಕ್ ಇರುತ್ತೆ. ಚೋಕ್ ಅಂದ್ರೆ ನಳಿಗೆ ತುದಿಯ ಬಿಗಿ, ಪೈಪಿನ ತುದಿ ಬೆರಳಲ್ಲಿ ಒತ್ತಿದ ಹಾಗೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತದೊಳಗೆ ಫುಲ್ ಚೋಕಿನಿಂದ ಸುಮಾರು 70 ಪಾಲು ಚರೆ ಬೀಳುತ್ತೆ, ಹಾಫ್ ಚೋಕಿನಿಂದ 60, ಚೋಕೇ ಇಲ್ಲದ ನಳಿಗೆಯಿಂದ 40. ಮುಂದಿನ ಟ್ರಿಗರ್ ಎಳೆದರೆ ಹರಡೋದು, ಹಿಂದಿನದು ಎಳೆದರೆ ಒಟ್ಟಾಗಿ ಹೋಗೋದು. ಕ್ಷಣದಲ್ಲಿ ಆರಿಸಬಹುದು. ಪಂಪಿನಲ್ಲಿ ಅದಾಗೋದಿಲ್ಲ. ಹಾಕಿದ ಚೋಕ್ ಒಂದೇ, ತುಂಬಿದ ಕ್ರಮದಲ್ಲೇ ತೋಟಾ ಬರುತ್ತೆ. ಇನ್ನೊಂದು, ಟ್ರ್ಯಾಪ್, ಸ್ಕೀಟ್ ಅಂತ ಮಣ್ಣಿನ ಬಿಲ್ಲೆ ಹಾರಿಸಿ ಹೊಡೆಯುವ ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮದಲ್ಲಿ ಪಂಪ್ ಆಕ್ಷನ್‌ಗೆ ಅವಕಾಶ ಇಲ್ಲ. ಇದನ್ನು ಹೇಳಿದಾಗ ಮಗ ಸ್ವಲ್ಪ ಸುಮ್ಮನಾದ. ಆಮೇಲೆ "ಅಪ್ಪಯ್ಯ, ನಾನೇನು ಒಲಿಂಪಿಕ್ಸಿಗೆ ಹೋಗ್ತೀನಾ?" ಅಂದ.

ವಾದ ಅಲ್ಲಿಗೇ ನಿಂತಿತ್ತು. ಹೋದ ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ವಿರಾಜಪೇಟೆ ಕಡೆಯ ಗೆಳೆಯರೊಬ್ಬರು ಕರೆದರು. ಕಾಫಿ ತೋಟದವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಸದ್ಯ 2029ರ ತನಕ. ನಮ್ಮ ಜಿಲ್ಲೆಗೆ ಅದಿಲ್ಲ. ಆ ಹಬ್ಬದಲ್ಲಿ ಆಯುಧ ಪೂಜೆ ಮಾಡಿ, ಮೈದಾನದಲ್ಲಿ ಮರಕ್ಕೆ ತೆಂಗಿನಕಾಯಿ ಕಟ್ಟಿ ಹೊಡೆಯೋ ಪದ್ಧತಿ. ಗೆಳೆಯರ ಮನೆಯಲ್ಲಿ ಪಂಪ್ ಆಕ್ಷನ್ ಇತ್ತು. "ಬನ್ನಿ, ಇಬ್ಬರೂ ಹೊಡೆದು ನೋಡಿ, ಆಮೇಲೆ ಜಗಳ ಆಡಿ" ಅಂದ್ರು.

ಮಗ ಮೊದಲು ಹೊಡೆದ. ಒಂದು ಸಲ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆಯದೆ ಅರ್ಧಕ್ಕೇ ಮುಂದೆ ತಳ್ಳಿದ, ಹೊಸ ತೋಟಾ ಬರಲಿಲ್ಲ. ಪಂಪಿಗೆ ಹೊಸಬರು ಮಾಡೋ ತಪ್ಪು ಅದೇ, ಮೆಲ್ಲಗೆ ಎಳೀತಾರೆ. ಅದನ್ನು ಕಟಕ್ ಅಂತ ಕೊನೆ ಮುಟ್ಟಿಸಬೇಕು.

ಆಮೇಲೆ ನಾನು. ಒಬ್ಬೊಬ್ಬರಿಗೆ ಮೂರು ಈಡು ಅಂತ ಲೆಕ್ಕ. ಮೊದಲೆರಡು ತಪ್ಪಿತು, ಮೂರನೆಯದಕ್ಕೆ ಕಾಯಿ ಚೂರಾಯ್ತು. ಸುತ್ತ ಇದ್ದವರು ಕೂಗಿದರು. ನನಗೂ ಖುಷಿ. ಖುಷಿಯಲ್ಲಿ ಹಿಡಿ ಎಳೆದು ಖಾಲಿ ತೋಟಾ ಹಾರಿಸಿ, ಮುಂದಕ್ಕೆ ತಳ್ಳಿ, ಕೋವಿ ಕೆಳಮುಖ ಮಾಡಿ ಮೇಜಿನ ಕಡೆ ನಡೆದೆ. ಮೇಜಿನ ಹತ್ತಿರ ಮಕ್ಕಳು ಪಾನಕಕ್ಕೆ ನಿಂತಿದ್ದವು. ಕೋವಿ ಮಲಗಿಸೋಕೆ ಹೊರಟಾಗ ಕುರ್ಚಿಯಲ್ಲಿ ಕೂತಿದ್ದ ಗೆಳೆಯರ ತಾಯಿ, ಎಂಬತ್ತರ ಹತ್ತಿರದವರು, ಮೆಲ್ಲಗೆ ಕೇಳಿದರು, "ಎಷ್ಟು ತುಂಬಿದ್ರು, ನೀವು ಎಷ್ಟು ಹೊಡೆದ್ರಿ?"

"ಮೂರು ಹೊಡೆದೆನಲ್ಲ ಅಮ್ಮ, ಖಾಲಿ" ಅಂದೆ.

ಗೆಳೆಯರ ಮುಖ ಬದಲಾಯ್ತು. ಕೋವಿಯನ್ನು ನನ್ನ ಕೈಯಿಂದ ತಗೊಂಡು ಹಿಂದಕ್ಕೆ ತಿರುಗಿ, ಟ್ರಿಗರ್ ಹತ್ತಿರದ ಸಣ್ಣ ಕೀಲು ಒತ್ತಿ ಹಿಡಿ ಎಳೆದರು. ಕೆಂಪು ತೋಟಾ ಒಂದು ಹುಲ್ಲಿನ ಮೇಲೆ ಬಿತ್ತು. ಹೊಡೆಯದ ತೋಟಾ. ಅವರು ನಾಲ್ಕು ತುಂಬಿದ್ದರು. ನಾನು ಕೇಳಿರಲಿಲ್ಲ, ಎಣಿಸಿರಲಿಲ್ಲ. ಖಾಲಿ ಹಾರಿಸೋಕೆ ಅಂತ ಎಳೆದು ತಳ್ಳಿದಾಗ ನಾಲ್ಕನೆಯದನ್ನು ನಾನೇ ನಳಿಗೆಗೆ ಏರಿಸಿದ್ದೆ. ಕುದುರೆ ಏರಿತ್ತು, ಸೇಫ್ಟಿ ಹಾಕಿರಲಿಲ್ಲ.

ಯಾರೂ ಬೈಯಲಿಲ್ಲ. ಆ ಅಮ್ಮ "ಕೂತ್ಕೊಳ್ಳಿ, ಪಾನಕ ಕುಡೀರಿ" ಅಂದ್ರು ಅಷ್ಟೇ. ಮಗ ಆ ತೋಟಾ ಎತ್ತಿ ಮೇಜಿನ ಮೇಲೆ ನಿಲ್ಲಿಸಿದ. ನನ್ನ ಕಡೆ ನೋಡಲಿಲ್ಲ. ವಾಪಸ್ ಬರುವಾಗ ಹುಣಸೂರು ದಾಟೋ ತನಕ ಇಬ್ಬರೂ ಮಾತಾಡಲಿಲ್ಲ.

ಮೂವತ್ತೊಂದು ವರ್ಷ ಕೋವಿ ಹಿಡಿದವನು ನಾನು. ಊರಲ್ಲಿ ಹುಡುಗರಿಗೆ ಬುದ್ಧಿ ಹೇಳಿದವನು. ಆದರೆ ಆ ಮೂವತ್ತೊಂದು ವರ್ಷ ನನ್ನ ಕೈ ಕಲಿತದ್ದು ಒಂಟಿ ನಳಿಗೆಯನ್ನು. ಬಗ್ಗಿಸಿದರೆ ಒಳಗೆ ಏನಿದೆ ಅಂತ ಕಣ್ಣಿಗೇ ಕಾಣುತ್ತೆ. ಖಾಲಿ ಇದ್ದರೆ ನಳಿಗೆಯಲ್ಲಿ ಆಕಾಶ ಕಾಣುತ್ತೆ, ಆಚೆ ನಿಂತವನಿಗೂ ಗೊತ್ತಾಗುತ್ತೆ. ಒಂದು ಈಡು ಹೊಡೆದರೆ ಮುಗೀತು, ಲೆಕ್ಕ ಇಡೋದೇ ಬೇಡ. ಪಂಪ್ ಹಾಗಲ್ಲ. ಅದರ ಹೊಟ್ಟೆಯೊಳಗೆ ಇರೋದು ಹೊರಗೆ ಕಾಣೋದಿಲ್ಲ, ಲೆಕ್ಕ ನಮ್ಮ ತಲೆಯಲ್ಲಿರಬೇಕು. ನನ್ನ ತಲೆಯಲ್ಲಿ ಆ ದಿನ ಒಡೆದ ತೆಂಗಿನಕಾಯಿ ಮಾತ್ರ ಇತ್ತು.

ಮನೆಗೆ ಬಂದ ಮೇಲೆ ನಾನೇ ಮಾತು ತೆಗೆದೆ. "ನೋಡಿದ್ಯಲ್ಲ, ಅದಕ್ಕೇ ಜೋಡು ನಳಿಗೆ ಅಂದದ್ದು." ಅವನು ಸ್ವಲ್ಪ ಹೊತ್ತು ಬಿಟ್ಟು ಅಂದ, "ಅಪ್ಪಯ್ಯ, ತಪ್ಪು ಕೋವಿದಾ? ನನಗೆ ಹಳೇ ಅಭ್ಯಾಸ ಇಲ್ಲ. ನಾನು ಮೊದಲಿಂದ ಎಣಿಸೋದನ್ನೇ ಕಲೀತೀನಿ." ನನಗೆ ಸಿಟ್ಟು ಬಂತು. ರಾತ್ರಿ ಮಲಗಿದ ಮೇಲೆ ಅವನು ಹೇಳಿದ್ದು ಸರಿ ಅನ್ನಿಸ್ತು. ಲೈಸೆನ್ಸ್ ಅವನದ್ದು, ಮಾಳದಲ್ಲಿ ಕೂರೋನು ಅವನು, ಕೈ ಅವನದ್ದು. ನನ್ನ ಕೈಗೆ ಒಗ್ಗುವ ಕೋವಿಯನ್ನು ಅವನಿಗೆ ಕೊಡಿಸಿ ಏನು ಉಪಯೋಗ?

ಲೈಸೆನ್ಸ್ ಆದ ಮೇಲೆ ಜನವರಿಯಲ್ಲಿ ಪಂಪ್ ಬಂತು. ಅಂಗಡಿಯಲ್ಲಿ ಇದ್ದದ್ದರಲ್ಲಿ ಉದ್ದ ನಳಿಗೆಯದ್ದು. ಗಿಡ್ಡ ನಳಿಗೆ ಸಿನಿಮಾದಲ್ಲಿ ಚೆಂದ, ಹಾರುವ ಗುರಿಯ ಹಿಂದೆ ತಿರುಗಿಸೋಕೆ ಉದ್ದದ್ದೇ ಮೇಲು. (ಇದ್ದ ನಳಿಗೆ ಕತ್ತರಿಸಿ ಗಿಡ್ಡ ಮಾಡೋದು ಅಪರಾಧ, ಯಾರಾದರೂ ಕಮ್ಮಾರ ಮಾಡಿಕೊಡ್ತೀನಿ ಅಂದ್ರೆ ದೂರ ಇರಿ.) ನಾನು ಆ ಕೋವಿ ಹಿಡಿಯೋದಿಲ್ಲ. ಕಾನೂನು ಪ್ರಕಾರವೂ ಅದು ಈಗ ನನ್ನದಲ್ಲ.

ತಗೊಳ್ಳೋರಿಗೆ ನಮ್ಮ ಮನೆಯಲ್ಲಿ ಮಾಡಿಕೊಂಡ ಕ್ರಮ ಹೇಳ್ತೀನಿ.

ತುಂಬುವಾಗ ಬಾಯಿಬಿಟ್ಟು ಎಣಿಸೋದು, ಹೊಡೆಯುವಾಗಲೂ ಎಣಿಸೋದು. ಮನೆಗೆ ಬಂದ ಮೇಲೆ ತಗೊಂಡುಹೋದ ತೋಟಾ, ಉಳಿದದ್ದು, ಖಾಲಿ ಚಿಪ್ಪು, ಮೂರೂ ತಾಳೆ ಆಗಬೇಕು. ಒಂದು ಕಡಿಮೆ ಬಿದ್ದರೂ ಕೋವಿ ತುಂಬಿದೆ ಅಂತಲೇ ಲೆಕ್ಕ.

ಹಿಡಿ ಹಿಂದಕ್ಕೆ ಎಳೆದು ಕಣ್ಣಲ್ಲಿ ನೋಡೋದು ಸಾಲದು. ಕತ್ತಲಲ್ಲಿ ಕಣ್ಣು ಮೋಸ ಮಾಡುತ್ತೆ. ನಳಿಗೆಯ ಬುಡಕ್ಕೂ ಕೆಳಗಿನ ಕೊಳವೆಯ ಬಾಯಿಗೂ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಹಿಡಿ ಎಳೆದರೆ ಬರ್ತಿಲ್ಲ ಅಂದ್ರೆ ಕುದುರೆ ಏರಿದೆ ಅಂತ ತಿಳ್ಕೊಳ್ಳಿ. ಕೀಲು ಒತ್ತಿ ಬಿಡಿಸಬೇಕೇ ಹೊರತು ಟ್ರಿಗರ್ ಎಳೆದು ಅಲ್ಲ.

ಸದ್ದಿಗೆ ಹೊಡೆಯೋದಾದರೂ ಆಕಾಶಕ್ಕೆ ಹೊಡೀಬೇಡಿ. 6ನೇ ನಂಬರಿನ ಸಣ್ಣ ಚರೆಯೂ 200 ಮೀಟರ್ ಹೋಗಬಲ್ಲದು, ಎಸ್‌ಜಿ ಗುಂಡು ಅರ್ಧ ಕಿಲೋಮೀಟರ್ ದಾಟುತ್ತೆ. ನಮ್ಮಲ್ಲಿ ಗದ್ದೆಯಾಚೆ ಮನೆ, ಮನೆಯಾಚೆ ಗದ್ದೆ. ಹಿಂದೆ ಮಣ್ಣಿನ ಧರೆ ಇರುವ ಕಡೆ, ಧರೆಗೆ ಮುಖ ಮಾಡಿ ಹೊಡೀರಿ. ಸಣ್ಣ ಚರೆಯೇ ಸಾಕು, ಹಂದಿಗೆ ಸದ್ದಲ್ಲಿ ವ್ಯತ್ಯಾಸ ಗೊತ್ತಾಗೋದಿಲ್ಲ.

ತೋಟಾ ಕೊಳ್ಳುವಾಗ ನಳಿಗೆ ಮೇಲೆ ಕೆತ್ತಿದ ಅಳತೆ ನೋಡಿ. 70 ಮಿಲಿಮೀಟರ್ ಅಂತಿದ್ದರೆ ಅಷ್ಟೇ. ಹಳೇ ಜೋಡು ನಳಿಗೆಗಳಲ್ಲಿ 65 ಇರುತ್ತೆ, ಅದಕ್ಕೆ 70ರದ್ದು ಹಾಕಬಾರದು.

ಮಳೆಗಾಲದಲ್ಲಿ ಪಂಪಿಗೆ ಕೆಲಸ ಜಾಸ್ತಿ. ಜಾರುವ ಭಾಗ ಹೆಚ್ಚು, ತುಕ್ಕು ಬೇಗ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಚಳಿಗೆ ಗಟ್ಟಿಯಾಗಿ ಹಿಡಿ ಜಾರೋದೇ ಇಲ್ಲ. ಕೋವಿ ಎಣ್ಣೆಯೇ ಬೇಕು, ತೆಳ್ಳಗೆ.

ಹಾಗಾದರೆ ಯಾವುದು ತಗೊಳ್ಳೋದು? ನನ್ನ ವಯಸ್ಸಿನವರು, ನಳಿಗೆ ಬಗ್ಗಿಸಿ ನೋಡೋದೇ ಅಭ್ಯಾಸ ಆದವರು, ಕೀಲು ಗಟ್ಟಿ ಇರುವ ಜೋಡು ನಳಿಗೆ ಸಿಕ್ಕರೆ ಅದನ್ನೇ ತಗೊಳ್ಳಿ. ಹೊಸದಾಗಿ ಕಲಿಯೋ ಹುಡುಗರಿಗೆ, ಕ್ಲಬ್ಬಿಗೆ ಹೋಗಿ ನೂರು ತೋಟಾ ಹೊಡೆದು ಕೈ ಪಳಗಿಸೋ ಉಮೇದು ಇದ್ದರೆ, ಪಂಪ್ ಆಗಬಹುದು. ಎಷ್ಟು ಈಡು ಹಿಡಿಯುತ್ತೆ ಅನ್ನೋದನ್ನು ನೋಡಿ ಕೊಳ್ಳಬೇಡಿ. ನಾವು ಸದ್ದು ಮಾಡೋಕೆ ಎರಡು ಸಾಕು. ಮಗ ಮಾಳಕ್ಕೆ ಹೋಗುವಾಗ ಎರಡೇ ತುಂಬ್ತಾನೆ.

ಹೋದ ವಾರ ಬೇಸಿಗೆ ಗದ್ದೆಗೆ ಹಂದಿ ಬಂದಿತ್ತು. ರಾತ್ರಿ ಎರಡರ ಹೊತ್ತಿಗೆ ಒಂದು ಈಡು ಕೇಳಿಸ್ತು, ಸ್ವಲ್ಪ ಬಿಟ್ಟು ಇನ್ನೊಂದು. ಹಾಸಿಗೆಯಲ್ಲೇ ಎಣಿಸಿದೆ. ಬೆಳಿಗ್ಗೆ ಜಗಲಿ ಮೇಲೆ ಎರಡು ಖಾಲಿ ಚಿಪ್ಪು ನಿಲ್ಲಿಸಿಟ್ಟಿದ್ದ. ಆಮೇಲೇ ನಾನು ಕಾಫಿ ಕುಡಿದದ್ದು.