ಉದ್ಘೋಷಕರ ಎರಡು ಮಾತು

ರೇಡಿಯೋದಲ್ಲಿ ಶಾಸ್ತ್ರೀಯ ಸಂಗೀತ ಕೇಳುವವರು ಹಾಡಿದವರ ಬಗ್ಗೆ ಜಗಳವಾಡುವುದು ಕಡಿಮೆ. ಅವರ ಜಗಳವೆಲ್ಲ ಉದ್ಘೋಷಕರ ಜೊತೆ. ಒಬ್ಬರಿಗೆ ಅವರು ಮಾತಾಡಿದ್ದು ಹೆಚ್ಚಾಯಿತು, ಇನ್ನೊಬ್ಬರಿಗೆ ಸಾಲದಾಯಿತು. ರಾಗದ ಹೆಸರು ಸರಿಯಾಗಿ ಕೇಳಿಸಲಿಲ್ಲ, ದ್ರುತ್ ಏರುತ್ತಿದ್ದಾಗಲೇ ದನಿ ತಗ್ಗಿಸಿ ವಾರ್ತೆಗೆ ಹೋದರು, ತಬಲಾದವರ ಹೆಸರನ್ನೇ ಬಿಟ್ಟರು, ಹೀಗೆ ದೂರುಗಳಿಗೆ ಕೊನೆಯಿಲ್ಲ. ಮೇಲ್ನೋಟಕ್ಕೆ ಸಣ್ಣ ವಿಷಯ. ಆದರೆ ಮಹಫಿಲ್‌ಗೆ ಹೋಗಲಾಗದ, ರೇಡಿಯೋವನ್ನೇ ಮಹಫಿಲ್ ಮಾಡಿಕೊಂಡ ನನ್ನಂಥವರಿಗೆ ಅದು ಸಣ್ಣದಲ್ಲ.

ಆಕಾಶವಾಣಿಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1952ರಲ್ಲಿ, ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ. 1990ರ ದಶಕದ ಆರಂಭದಲ್ಲಿ, ನಾನು ಹುಬ್ಬಳ್ಳಿಯಲ್ಲಿ ಶಾಲೆಗೆ ಹೋಗುತ್ತಿದ್ದಾಗ, ಶನಿವಾರ ರಾತ್ರಿ 9.30ಕ್ಕೆ ಧಾರವಾಡ ಕೇಂದ್ರದ ಮೂಲಕ ಅದು ನಮಗೆ ಕೇಳಿಸುತ್ತಿತ್ತು. ನನ್ನ ಮಾಮು ದರ್ಜಿ. ಮನೆಯ ಮುಂಭಾಗವೇ ಅವರ ಅಂಗಡಿ. ಹೊಲಿಗೆ ಯಂತ್ರದ ಸದ್ದು ನಿಂತ ಮೇಲೆ ರೇಡಿಯೋ ಹಚ್ಚುತ್ತಿದ್ದರು. ಆ ಹೊತ್ತಿಗೆ ಓಣಿಯ ನಿವೃತ್ತ ಕನ್ನಡ ಮಾಸ್ತರರು ಬಂದು ಬೆಂಚಿನ ಮೇಲೆ ಕೂರುತ್ತಿದ್ದರು. ನಾನು ಒಳಬಾಗಿಲ ಪರದೆಯ ಹಿಂದೆ ಅಂಗಿಗಳಿಗೆ ಕಾಜಾ ಹಾಕುತ್ತ ಕೇಳುತ್ತಿದ್ದೆ. ಮಳೆಗಾಲದಲ್ಲಿ ಮಿಂಚಿದಾಗಲೆಲ್ಲ ರೇಡಿಯೋ ಕರಕರ ಎನ್ನುತ್ತಿತ್ತು. ಆಗ ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು.

ಮಾಸ್ತರರಿಗೆ ಉದ್ಘೋಷಕರ ಮಾತೇ ಬೇಡ. ‘ಹಾಡವ್ರು ಅವ್ರು. ನಡಕ ಇವ್ರ ಮಾತು ಯಾಕ ಬೇಕ್ರಿ ಸಾಬ್ರ?’ ಎನ್ನುತ್ತಿದ್ದರು. ಮಾಮು ಬಿಡುತ್ತಿರಲಿಲ್ಲ. ‘ಮಾಸ್ತರ್ರ, ನಿಮಗ ರಾಗದ ಗುರುತು ಐತಿ. ನನಗ ಹೇಳವ್ರು ಯಾರ್ರಿ? ಕತ್ರಿ ಹಿಡಿದ ಕೈ ಇದು.’

ಈ ಎರಡು ಮಾತುಗಳಲ್ಲಿ ರೇಡಿಯೋ ಕೇಳುಗರ ಎಲ್ಲ ವಾದವೂ ಅಡಗಿದೆ. ರಾಷ್ಟ್ರೀಯ ಕಾರ್ಯಕ್ರಮದ ಉದ್ಘೋಷಣೆ ಮಾಸ್ತರರಿಗೆ ಒಪ್ಪುವಂಥದ್ದು. ಕಲಾವಿದರ ಹೆಸರು, ರಾಗ, ತಾಳ, ಪಕ್ಕವಾದ್ಯದವರು, ಅಷ್ಟೇ. ಆಮೇಲೆ ಮೌನ. ಆ ಮೌನದಲ್ಲಿ ಸಂಗೀತದ ಮೇಲಿನ ಗೌರವವಿತ್ತು. ಮಾಮುವಿಗೆ ಬೇಕಾದದ್ದು ವಿವಿಧ ಭಾರತಿಯ ‘ಸಂಗೀತ್ ಸರಿತಾ’ದಲ್ಲಿ ಸಿಗುತ್ತಿತ್ತು. ಅಲ್ಲಿ ಬೆಳಗಿನ ಹೊತ್ತು ಒಂದು ರಾಗವನ್ನು ಎತ್ತಿಕೊಂಡು, ಅದರ ಸ್ವರಗಳು ಹೇಗೆ ನಡೆಯುತ್ತವೆಂದು ಬಿಡಿಸಿ ಹೇಳಿ, ಅದೇ ರಾಗದ ಸಿನಿಮಾ ಹಾಡನ್ನೂ ಕೇಳಿಸುತ್ತಿದ್ದರು. ಗೊತ್ತಿರುವ ಹಾಡನ್ನು ಹಿಡಿದುಕೊಂಡು ಗೊತ್ತಿಲ್ಲದ ರಾಗದೊಳಗೆ ಹೋಗಬಹುದಿತ್ತು. ಬೆಳಿಗ್ಗೆ ಕಲಿತದ್ದರ ಬಲದಿಂದ ಶನಿವಾರ ರಾತ್ರಿ ಮಾಸ್ತರರಿಗಿಂತ ಮೊದಲೇ ‘ಬಾಗೇಶ್ರೀ!’ ಎಂದು ಮಾಮು ಬೀಗಿದ್ದೂ ಉಂಟು. ರಾತ್ರಿಯ ಕಾರ್ಯಕ್ರಮವಾದ್ದರಿಂದ ಬಾಗೇಶ್ರೀ, ಮಾಲಕೌಂಸ್, ದರ್ಬಾರಿಗಳ ಪರಿಚಯ ನಮಗೆ ಬೇಗ ಆಯಿತು. ತೋಡಿ, ಭೈರವ್‌ಗಳಿಗೆ ಬೆಳಗಾಗುವುದನ್ನೇ ಕಾಯಬೇಕಿತ್ತು.

ಉರ್ದು ಶಾಲೆಯಲ್ಲಿ ಅಕ್ಷರ ಕಲಿತ ನನಗೆ ಇನ್ನೊಂದು ತಕರಾರಿತ್ತು. ಹೆಸರುಗಳ ಉಚ್ಚಾರ. ‘ಖಾನ್’ ಎಂಬುದು ‘ಕಾನ್’ ಆದರೆ ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತಿತ್ತು. ಆದರೆ ಒಳ್ಳೆಯ ಉದ್ಘೋಷಕರು ‘ಉಸ್ತಾದ್’ ಎಂಬ ಪದವನ್ನು ಹೇಳುವ ರೀತಿಯೇ ಬೇರೆ. ಒಂದು ಕ್ಷಣ ತಡೆದು, ತೂಕವಿಟ್ಟು ಹೇಳುತ್ತಿದ್ದರು. 1994ರ ಆಗಸ್ಟ್‌ನಲ್ಲಿ ಈದ್ಗಾ ಮೈದಾನದ ಗಲಾಟೆಯಿಂದ ಹುಬ್ಬಳ್ಳಿಯಲ್ಲಿ ಕರ್ಫ್ಯೂ ಬಿತ್ತು. ಗೋಲಿಬಾರಿನಲ್ಲಿ ಜನ ಸತ್ತರು. ಆಗ ನನಗೆ ಹದಿನಾಲ್ಕು. ನಮ್ಮ ಹೆಸರುಗಳನ್ನು ಬೀದಿಯಲ್ಲಿ ಗಟ್ಟಿಯಾಗಿ ಕರೆಯಲೂ ಅಂಜುತ್ತಿದ್ದ ದಿನಗಳು ಅವು. ಮಾಸ್ತರರಿಗೂ ನಮಗೂ ನಡುವೆ ಇದ್ದದ್ದು ನಾಲ್ಕೇ ಮನೆ, ಆದರೂ ಅವರು ಬರುವಂತಿರಲಿಲ್ಲ. ಮಾಮು ರೇಡಿಯೋದ ದನಿ ತಗ್ಗಿಸಿ ಹಚ್ಚಿದರು. ದೆಹಲಿಯ ಉದ್ಘೋಷಕಿಯೊಬ್ಬರು ‘ಉಸ್ತಾದ್’ ಎಂದು ಅದೇ ತೂಕದಿಂದ, ಅದೇ ಗೌರವದಿಂದ ಹೇಳಿದರು. ಏನೂ ಬದಲಾಗಿಲ್ಲವೆಂಬಂತೆ ಸರೋದ್ ಶುರುವಾಯಿತು. ಮಾಮು ಕಣ್ಣು ಒರೆಸಿಕೊಂಡು, ‘ಸುನೋ ಬೇಟಿ’ ಎಂದಷ್ಟೇ ಹೇಳಿದರು. ಒಂದು ಪದಕ್ಕೆ ಎಷ್ಟು ಬೆಲೆಯಿದೆಯೆಂದು ಆವತ್ತು ತಿಳಿಯಿತು.

ಇದರಲ್ಲೊಂದು ವಿಪರ್ಯಾಸವೂ ಇದೆ. ಈ ಕಾರ್ಯಕ್ರಮಕ್ಕೆ ಕಾರಣರಾದ ಕೇಸ್ಕರ್ ಅವರೇ ಹಿಂದೂಸ್ತಾನಿ ಸಂಗೀತ ಕೆಟ್ಟದ್ದಕ್ಕೆ ಮುಸ್ಲಿಂ ಸಂಗೀತಗಾರರು ಕಾರಣವೆಂದು ನಂಬಿದ್ದವರು, ಹಾಗೆಂದು ಬರೆದವರು. ಆದರೆ ಉಸ್ತಾದರನ್ನು ಬಿಟ್ಟು ಆ ಸಂಗೀತವನ್ನು ಕೇಳಿಸುವುದು ಯಾರಿಂದ ಸಾಧ್ಯ? ಅವರ ಕಾರ್ಯಕ್ರಮವೇ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಊರೂರಿಗೆ ಮುಟ್ಟಿಸಿತು. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಆ ಕಾಲದ ಧ್ವನಿಮುದ್ರಿಕೆಗಳಲ್ಲಿ ಗಾಯಕರ ಬೆನ್ನಿಗೆ ಸಾರಂಗಿ ಕೇಳಿಸುತ್ತದೆ. ಆ ಸಾರಂಗಿಯವರಲ್ಲಿ ಎಷ್ಟೋ ಜನ ನಮ್ಮ ಬಡ ಮೊಹಲ್ಲಾಗಳಿಂದ ಬಂದವರು. ಅವರ ಫೋಟೋ ಎಲ್ಲೂ ಬರಲಿಲ್ಲ. ಉದ್ಘೋಷಕರು ಹೆಸರು ಹೇಳಿದರೆ ಉಂಟು, ಇಲ್ಲವಾದರೆ ಇಲ್ಲ. ಸಮಯವಿಲ್ಲವೆಂದು ಆ ಹೆಸರು ಬಿಡುವವರ ಮೇಲೆ ನನಗೆ ಈಗಲೂ ಸಿಟ್ಟು.

ಧಾರವಾಡದ ನೆಲದಲ್ಲಂತೂ ಉದ್ಘೋಷಕರು ಒಂದೇ ವಾಕ್ಯದಲ್ಲಿ ಒಂದು ಇತಿಹಾಸ ಹೇಳಬಹುದು. ಧಾರವಾಡ ಆಕಾಶವಾಣಿಗೆ ಸಂಗೀತ ಸಲಹೆಗಾರರಾಗಿದ್ದ ಮಲ್ಲಿಕಾರ್ಜುನ ಮನಸೂರರು ವಚನ ಹಾಡಿದವರು. ಅವರು ಕಲಿತದ್ದು ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್, ಭುರ್ಜಿ ಖಾನರಲ್ಲಿ. ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ವಿದ್ಯೆ ಹರಿಯಿತು. ‘ಇಂಥವರ ಶಿಷ್ಯರು’ ಎಂಬ ಎರಡು ಪದ ಸೇರಿಸಿದರೆ ಸಾಕು, ಯಾವ ಸೌಹಾರ್ದ ಭಾಷಣವೂ ಬೇಕಿಲ್ಲ. ಆ ಎರಡು ಪದ ಬಿಟ್ಟುಹೋದರೆ ಸಂಗೀತವೇನೋ ಉಳಿಯುತ್ತದೆ. ಅದು ಯಾರ ಕೈಯಿಂದ ಯಾರ ಕೈಗೆ ಬಂತೆಂಬುದು ಮರೆತುಹೋಗುತ್ತದೆ.

2016ರ ಜನವರಿ 26ರಂದು ಆಕಾಶವಾಣಿ ‘ರಾಗಂ’ ಎಂಬ ದಿನವಿಡೀ ಶಾಸ್ತ್ರೀಯ ಸಂಗೀತದ ವಾಹಿನಿ ಶುರುಮಾಡಿತು. ಮೊಬೈಲ್ ಫೋನಿನಲ್ಲೂ ಅದನ್ನು ಸ್ಪಷ್ಟವಾಗಿ ಕೇಳಬಹುದಾಯಿತು. ಕರಕರ ಇಲ್ಲ, ಶನಿವಾರಕ್ಕೆ ಕಾಯುವುದೂ ಇಲ್ಲ. ಬೇಕಾದ ರಾಗವನ್ನು ಬೇಕಾದಾಗ ಒತ್ತಿ ಕೇಳುವ ದಾರಿಗಳೂ ಈಗ ನೂರಾರಿವೆ. ಇದು ಒಳ್ಳೆಯದೇ. ಆದರೆ ಪರದೆಯ ಮೇಲೆ ಒಂದೇ ಹೆಸರು ಮೂಡಿ, ತಬಲಾದವರು ಯಾರು, ತಂಬೂರಿ ಹಿಡಿದವರು ಯಾರು ಎಂಬುದು ಗೊತ್ತಾಗದೆ ಹಾಡು ಮುಗಿದಾಗ, ಒಬ್ಬ ಮನುಷ್ಯರು ಬಂದು ಎರಡು ಮಾತು ಹೇಳಬಾರದೇ ಎನ್ನಿಸುತ್ತದೆ.

ಮಾಸ್ತರರೂ ಮಾಮುವೂ ಈಗಿಲ್ಲ. ಅವರ ವಾದದಲ್ಲಿ ನನ್ನ ಓಟು ಯಾರಿಗೆ ಎಂದರೆ, ಇಬ್ಬರಿಗೂ ಅರ್ಧರ್ಧ. ರಾಗ ನಡೆಯುವಾಗ ಉದ್ಘೋಷಕರು ಸುಮ್ಮನಿರಲಿ. ಆದರೆ ಅದಕ್ಕೆ ಮೊದಲು ಕತ್ತರಿ ಹಿಡಿದ ಕೈಗೂ ಸಿಗುವಂಥ ಒಂದು ಸುಳಿವು ಕೊಡಲಿ. ಮುಗಿದ ಮೇಲೆ ಎಲ್ಲರ ಹೆಸರನ್ನೂ, ಸಾರಂಗಿಯವರ ಹೆಸರನ್ನೂ ಸೇರಿಸಿ, ಆ ಹೆಸರಿಟ್ಟ ತಾಯಿ ಕೇಳಿದರೂ ಒಪ್ಪುವಂತೆ ಹೇಳಲಿ. ಅದಕ್ಕೆ ಅರ್ಧ ನಿಮಿಷವೂ ಬೇಡ.